ದೂರ ಹಾರಲು ಕಲಿಯೋದು: ಕೋಚ್, ಸಿಮ್ಯುಲೇಟರ್, ಗುಂಪು, ಇಲ್ಲಾ ನನ್ನದೇ ತ್ರಿಕೋನ?

ಎಂಜಿನ್ ಇಲ್ಲದ ವಿಮಾನ, ಅಂದರೆ ಗ್ಲೈಡರ್, ಒಬ್ಬನೇ ಹಾರಿಸುವುದು ಬಂದಿತ್ತು. ಹಾರಾಟದ ಮೈದಾನ ಕಣ್ಮರೆಯಾಗುವಷ್ಟು ದೂರ ಹೋಗಲು ಮಾತ್ರ ಧೈರ್ಯ ಸಾಲುತ್ತಿರಲಿಲ್ಲ. ನಾಲ್ಕು ದಾರಿ ಹಿಡಿದು ನೋಡಿದೆ.

ಮೊದಲು ಎರಡು ಸೀಟಿನ ಗ್ಲೈಡರ್‌ನಲ್ಲಿ ಕೋಚ್ ಜೊತೆ. ಒಂದೇ ಮಧ್ಯಾಹ್ನದಲ್ಲಿ ಕಲಿತದ್ದು ಜಾಸ್ತಿ. ತಳ ಚಪ್ಪಟೆಯಾಗಿ ಕಪ್ಪಗಿರುವ ಮೋಡದ ಕಡೆ ಹೋಗು, ಅಂಚು ಹರಿದುಕೊಳ್ಳುತ್ತಿರುವ ಮೋಡ ಬಿಡು. ಮುಂದೆ ಒಳ್ಳೆಯ ಥರ್ಮಲ್ (ಗ್ಲೈಡರ್ ಅನ್ನು ಮೇಲೆತ್ತುವ ಬಿಸಿಗಾಳಿ) ಸಿಗುವಂತಿದ್ದರೆ ಬಡಕಲು ಥರ್ಮಲ್‌ನಲ್ಲಿ ಸುತ್ತುತ್ತಾ ಕೂರಬೇಡ. ಎಲ್ಲಾ ಸರಿ. ಆದರೆ ‘ಈಗ ಹೊರಡು’ ಅನ್ನುತ್ತಿದ್ದದ್ದು ಪ್ರತಿ ಸಲವೂ ಹಿಂದಿನ ಸೀಟಿನ ಕೋಚ್, ನಾನಲ್ಲ.

ಹಾರಾಟವಿಲ್ಲದ ತಿಂಗಳುಗಳಲ್ಲಿ ಕಾಂಡೋರ್, ಕಂಪ್ಯೂಟರ್‌ನಲ್ಲಿ ಗ್ಲೈಡರ್ ಹಾರಿಸುವ ಸಿಮ್ಯುಲೇಟರ್. ಮುಂದಿನ ಥರ್ಮಲ್ ಎಷ್ಟು ಬಲವಾಗಿರಬಹುದು ಅನ್ನುವುದರ ಮೇಲೆ ಎಷ್ಟು ವೇಗದಲ್ಲಿ ಹಾರಬೇಕು ಅಂತ ಹೇಳುವ ಮ್ಯಾಕ್‌ಕ್ರೆಡಿ ಲೆಕ್ಕ ತಲೆಗೆ ಹತ್ತಿದ್ದು ಅಲ್ಲೇ. ಹೊಟ್ಟೆ ತೊಳಸುವುದಿಲ್ಲ, ಥರ್ಮಲ್ ಸೀಟಿನ ಕೆಳಗಿಂದ ಗುದ್ದುವುದೂ ಇಲ್ಲ. ನೆಲಕ್ಕೆ ಬಡಿದರೆ ಇನ್ನೊಮ್ಮೆ ಶುರು ಮಾಡಬಹುದು, ಅದೇ ಅದರ ದೋಷ.

ಆಮೇಲೆ ಬೇರೆ ಪೈಲಟ್‌ಗಳ ಗುಂಪಿನ ಜೊತೆ. ಮುಂದಿದ್ದವರ ಗ್ಲೈಡರ್ ನನ್ನದಕ್ಕಿಂತ ಚುರುಕು. ಪ್ರತಿ ಥರ್ಮಲ್‌ಗೂ ನಾನು ಅವರಿಗಿಂತ ಕೆಳಗೆ ತಲುಪುತ್ತಿದ್ದೆ, ನಾನಿನ್ನೂ ಅರ್ಧ ಏರುವಷ್ಟರಲ್ಲಿ ಅವರು ಹೊರಡುತ್ತಿದ್ದರು. ಸುಮ್ನೆ ಹಿಂದೆ ಬಿದ್ದೆ. 600 ಮೀಟರ್‌ಗೆ ಇಳಿದಾಗಲೇ ಇಳಿಸಲು ಹೊಲ ಆರಿಸಬೇಕಿತ್ತು. ನಾನು ಕೆಳಗೆ ನೋಡಿದ್ದೇ 400ರಲ್ಲಿ! ಕಟಾವಾದ ಹೊಲ ಸಿಕ್ಕಿದ್ದು ಅದೃಷ್ಟ. ಗ್ಲೈಡರ್ ಹೊತ್ತೊಯ್ಯುವ ಟ್ರೈಲರ್ ಬರುವ ತನಕ ರೆಕ್ಕೆಯ ನೆರಳಲ್ಲಿ ಕೂತು ಯೋಚಿಸಲು ಬೇಕಾದಷ್ಟು ಹೊತ್ತಿತ್ತು ಅನ್ನಿ.

ಅಲ್ಲಿ ಹುಟ್ಟಿದ್ದೇ ನಾಲ್ಕನೆಯ ದಾರಿ. ನಾನು ಹಾರಿಸುವುದು ಎಎಸ್‌ಕೆ 23, ಒಂದೇ ಸೀಟಿನ ಗ್ಲೈಡರ್. ಗಾಳಿ ಸುಮ್ಮನಿದ್ದರೆ 1 ಕಿ.ಮೀ. ಎತ್ತರದಿಂದ ಸುಮಾರು 34 ಕಿ.ಮೀ. ಜಾರುತ್ತದೆ. ನಾನು ಅದರ ಅರ್ಧ, 17 ಮಾತ್ರ ನಂಬಿದೆ. ಮೈದಾನದ ಬಳಿ ಸುತ್ತು ಹಾಕಿ ಇಳಿಯಲು 300 ಮೀಟರ್ ಎತ್ತರ ತೆಗೆದಿಟ್ಟೆ. ಹಾಗಾದರೆ 1,000 ಮೀಟರ್‌ನಲ್ಲಿದ್ದಾಗ ಸುಮಾರು 12 ಕಿ.ಮೀ. ಒಳಗೆ ಎಲ್ಲಿದ್ದರೂ ಮನೆ ಸೇರಬಹುದು. ಮೈದಾನದಿಂದ 10 ಕಿ.ಮೀ. ದೂರದಲ್ಲಿ ಮೂರು ಮೂಲೆ ಗುರುತು ಮಾಡಿಕೊಂಡೆ. ಒಂದು ಸುತ್ತು ಬಂದರೆ 50 ಕಿ.ಮೀ. ಮೇಲೇ ಆಯಿತು! ಗ್ಲೈಡರ್ ಪೈಲಟ್‌ಗಳಿಗೆ ಸಿಗುವ ಸಿಲ್ವರ್ ಬ್ಯಾಡ್ಜ್‌ನ 50 ಕಿ.ಮೀ.ಗೆ ಇದು ಲೆಕ್ಕವಿಲ್ಲ, ನಿಜ. ಆದರೆ ಥರ್ಮಲ್ ಬಿಡುವ ಹೊತ್ತು, ತಿರುಗುವ ಹೊತ್ತು ಎಲ್ಲಾ ನನ್ನದೇ ತೀರ್ಮಾನ, ತಪ್ಪಿದರೂ ಟ್ರೈಲರ್ ಬೇಡ.

ಕೋಚ್ ಬೇಡ ಅಂತಲ್ಲ. ಈಗ ಪ್ರಶ್ನೆ ಇಟ್ಟುಕೊಂಡು ಹೋಗುತ್ತೇನೆ, ಅದಕ್ಕೇ ಹೆಚ್ಚು ಸಿಗುತ್ತದೆ. ಗುಂಪಿಗೆ ಸದ್ಯಕ್ಕೆ ದೂರದಿಂದಲೇ ನಮಸ್ಕಾರ. ಮೂಲೆಗಳನ್ನು 15 ಕಿ.ಮೀ.ಗೆ ಸರಿಸಿದ್ದೇನೆ, ಅದಕ್ಕೆ ಸುಮಾರು 1,200 ಮೀಟರ್ ಬೇಕು. ಮೋಡದ ತಳ ಅಷ್ಟು ಮೇಲಿಲ್ಲದ ದಿನ ಹಳೇ ತ್ರಿಕೋನಕ್ಕೇ ಹೋಗುತ್ತೇನೆ.