ದಾವಣಗೆರೆಯವರೇ, "4ಕೆ ಸಪೋರ್ಟ್" ಅಂತ ಬೋರ್ಡ್ ಕಂಡ್ರೆ ಒಳಗೆ ಹೋಗೋ ಮುಂಚೆ ಇದನ್ನ ಓದಿ

ಕಡಿಮೆ ದುಡ್ಡಲ್ಲಿ ಮೊದಲನೇ ಸಲ ಎಚ್‌ಡಿ ಟಿವಿ ತಗೊಳ್ಳೋಕೆ ಹೊರಟಿರೋರು ದಯವಿಟ್ಟು ಪೂರ್ತಿ ಓದಿ. ಅಂಗಡಿ ಹೆಸರು ಹಾಕಲ್ಲ, ಕೇಳಬೇಡಿ. ಹಬ್ಬ ಬಂತಂದ್ರೆ ಇಂಥ ಬೋರ್ಡಿಗೇನೂ ಊರಲ್ಲಿ ಬರ ಇಲ್ಲ: "40 ಇಂಚು, 4ಕೆ ಸಪೋರ್ಟ್, ಆಂಡ್ರಾಯ್ಡ್ ಸ್ಮಾರ್ಟ್, ಬರೀ 15,500." 4ಕೆ ಅಂದ್ರೆ ಎಚ್‌ಡಿಗಿಂತ ತುಂಬಾ ಸ್ಪಷ್ಟ ಚಿತ್ರ ಬರೋ ಟಿವಿ.

ನಮ್ಮದು ನಿಟುವಳ್ಳಿ. ಮನೇಲೇ ಟೈಲರಿಂಗ್ ಮಾಡ್ತೀನಿ. ಹಳೇ ಡಬ್ಬಾ ಟಿವಿ ಕೆಟ್ಟು ಅತ್ತೆಯವರ ಧಾರಾವಾಹಿ ನಿಂತಿತ್ತು. ಚೀಟಿ ಎತ್ತಿದ ದುಡ್ಡು ಕೈಗೆ ಬಂದಿತ್ತು, 2025ರ ದೀಪಾವಳಿ ಬೇರೆ. ಹೋದ್ವಿ.

ಅಂಗಡಿಯವನು ಪೆನ್‌ಡ್ರೈವ್ ಹಾಕಿ ತೋರಿಸಿದ್ದು ಗಿಳಿ. ಕೆಂಪು ಗಿಳಿ, ನೀಲಿ ಗಿಳಿ, ನೀರು ಹನಿ ಬೀಳೋ ಸೇಬು, ಜಲಪಾತ. ಗಿಳಿಯ ಒಂದೊಂದು ಪುಕ್ಕಾನೂ ಎಣಿಸಬಹುದು ಅನ್ನೋ ಹಾಗಿತ್ತು. "ನೋಡ್ರಿ ಅಕ್ಕಾ, 4ಕೆ ಅಂದ್ರೆ ಇದು" ಅಂದ. ಈ ಮಾತು ಅವನ ಬಾಯಿಂದಲೇ ಬಂದಿದ್ದು, ನನ್ನ ಯಜಮಾನ್ರೂ ಕೇಳಿದ್ದಾರೆ. ಕೇಬಲ್ ಹಾಕಿ ತೋರಿಸಿ ಅಂದ್ರೆ "ಅಂಗಡೀಲಿ ಕನೆಕ್ಷನ್ ಇಲ್ಲಕ್ಕಾ" ಅಂದ. ಟಿವಿ ಮಾರೋ ಅಂಗಡೀಲಿ ಕನೆಕ್ಷನ್ ಇಲ್ವಂತೆ!

ಬಿಲ್ ಕೇಳಿದ್ದಕ್ಕೆ, "ಜಿಎಸ್‌ಟಿ ಬಿಲ್ ಬೇಕಂದ್ರೆ ಮೇಲೆ 28 ಪರ್ಸೆಂಟ್ ಬೀಳುತ್ತೆ, ನಿಮಗ್ಯಾಕೆ ಸುಮ್ನೆ ಲಾಸು" ಅಂದ. 32 ಇಂಚಿಗಿಂತ ದೊಡ್ಡ ಟಿವಿಗೆ ಇದ್ದ 28 ಪರ್ಸೆಂಟನ್ನ 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿಸಿ ಆಗಲೇ ತಿಂಗಳಾಗಿತ್ತು. ಕೈಗೆ ಬಂದಿದ್ದು "ಎಸ್ಟಿಮೇಟ್" ಅಂತ ಅಚ್ಚಾಗಿರೋ ಚೀಟಿ, ಬಾಲ್‌ಪೆನ್ನಲ್ಲಿ "ಟಿವಿ 1" ಅಂತ ಬರೆದಿದ್ದು. ಮಾಡೆಲ್ ನಂಬರೂ ಇಲ್ಲ.

ಮನೇಲಿ ಹಾಕಿದ್ರೆ ಮುಖಗಳೆಲ್ಲ ಮೇಣ ಬಳಿದ ಹಾಗೆ. ಕೆಳಗೆ ಓಡೋ ಸುದ್ದಿ ಅಕ್ಷರ ಕಲಸಿಹೋಗಿತ್ತು. ಫೋನ್ ಮಾಡಿದ್ರೆ "ನಿಮ್ಮ ಸೆಟ್‌ಟಾಪ್ ಬಾಕ್ಸ್ ಹಳೇದು, ಎಚ್‌ಡಿ ಬಾಕ್ಸ್ ಹಾಕಿಸ್ರಿ" ಅಂದ. ಅದು ಪೂರ್ತಿ ಸುಳ್ಳಲ್ಲ. ಹಳದಿ-ಕೆಂಪು-ಬಿಳಿ ವೈರಿನ ಹಳೇ ಬಾಕ್ಸು ಎಂಥ ಟಿವಿಗೆ ಹಾಕಿದ್ರೂ ಮಸುಕೇ. ಅದಕ್ಕೇ ನಂಬಿಕೆ ಬಂತು. ಮತ್ತೆ ದುಡ್ಡು ಹಾಕಿ ಎಚ್‌ಡಿ ಬಾಕ್ಸು, ಎಚ್‌ಡಿಎಂಐ ವೈರು, ಎಚ್‌ಡಿ ಪ್ಯಾಕು ಎಲ್ಲ ಆಯ್ತು. ಸ್ವಲ್ಪ ಸುಧಾರಿಸ್ತು, ಅಷ್ಟೇ. ಈ ಮಧ್ಯೆ ನಾನು ಓಣಿ ತುಂಬ 4ಕೆ ಟಿವಿ ಅಂತ ಹೇಳ್ಕೊಂಡು ಬಂದಿದ್ದೆ.

ಬಣ್ಣ ಬಯಲಾಗಿದ್ದು ಹರಿಹರದಿಂದ ನಾದಿನಿ ಮನೆಯವರು ಬಂದಾಗ. ಅವಳ ಮಗ ಡಿಪ್ಲೊಮಾ ಓದ್ತಾನೆ. ಲ್ಯಾಪ್‌ಟಾಪ್ ಜೋಡಿಸಿ ಒಂದು ಕರಿ ಗೆರೆ, ಒಂದು ಬಿಳಿ ಗೆರೆ ಹೀಗೆ ಸಣ್ಣ ಗೆರೆಗಳ ಚಿತ್ರ ಹಾಕಿದ. ಫುಲ್ ಎಚ್‌ಡಿ, ಅಂದ್ರೆ 4ಕೆಗಿಂತ ಒಂದು ಮೆಟ್ಟಿಲು ಕೆಳಗಿನ ಪರದೆ ಆಗಿದ್ರೂ ಬೇರೆ ಬೇರೆ ಕಾಣಬೇಕಿದ್ದ ಗೆರೆಗಳು ಅಲ್ಲಲ್ಲಿ ಬೂದಿ ಪಟ್ಟಿಗಳಾಗಿ ಕಲಸಿಕೊಂಡ್ವು. "ಅತ್ತೆ, ಇದು 4ಕೆ ಹಾಗಿರಲಿ, ಫುಲ್ ಎಚ್‌ಡಿನೂ ಅಲ್ಲ" ಅಂದ. ಅಟ್ಟದ ಮೇಲಿದ್ದ ಡಬ್ಬ ಇಳಿಸಿದ್ವಿ. ಪಕ್ಕದಲ್ಲಿ ಬಂಗಾರದ ಬಣ್ಣದ "4ಕೆ" ಸ್ಟಿಕ್ಕರು. ಉಗುರಲ್ಲಿ ಎಬ್ಬಿಸಿದೆ. ಅದರಡಿ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ: ರೆಸಲ್ಯೂಶನ್ 1366 × 768. ಅಂದ್ರೆ ಪರದೇಲಿ ಅಡ್ಡಕ್ಕೆ 1366, ಮೇಲಿಂದ ಕೆಳಗೆ 768 ಚುಕ್ಕಿ.

ಅಸಲಿ 4ಕೆ ಅಂದ್ರೆ 3840 × 2160. ಲೆಕ್ಕ ಹಾಕಿ: ಅದರಲ್ಲಿ ಸುಮಾರು 83 ಲಕ್ಷ ಚುಕ್ಕಿ, ನಮ್ಮದರಲ್ಲಿ ಹತ್ತೂವರೆ ಲಕ್ಷ. ಎಂಟರಲ್ಲಿ ಒಂದು ಪಾಲು! 4ಕೆ ಫೈಲ್ ಕೊಟ್ರೆ ತಗೊಂಡು ಕುಗ್ಗಿಸಿ ತೋರಿಸುತ್ತೆ, ಅದಕ್ಕೇ "ಸಪೋರ್ಟ್" ಅಂತೆ. ಸಿಟ್ಟಿಗೆ ನನ್ನ ಟೇಪ್ ತಗೊಂಡು ಗಾಜಿನ ಮೂಲೆಯಿಂದ ಮೂಲೆಗೆ ಅಳೆದೆ. ಮೂವತ್ತೆಂಟೂವರೆ ಇಂಚು. ಚೌಕಟ್ಟು ಸೇರಿಸಿದ್ರೆ ನಲವತ್ತರ ಹತ್ತಿರ. ಬ್ಲೌಸಲ್ಲಿ ಅರ್ಧ ಇಂಚು ತಪ್ಪಿದ್ರೆ ನಮ್ಮನ್ನ ಬಿಡ್ತೀರಾ ನೀವು?

ಅಂಗಡಿಗೆ ಹೋದ್ರೆ "ಅಕ್ಕಾ" ಹೋಗಿ "ಮೇಡಂ" ಆಗಿತ್ತು.

"ಮೇಡಂ, ನಾವು 4ಕೆ ಸಪೋರ್ಟ್ ಅಂದಿದ್ದು, 4ಕೆ ಅಂದಿಲ್ಲ."

ಗಿಳಿ ತೋರಿಸ್ತಾ ಏನಂದ್ರಿ ಅಂತ ಕೇಳಿದೆ. "ಅದು ಹುಡುಗ ಹೇಳಿರಬೇಕು." ಹೇಳಿದ್ದು ಇವನೇ! ಎದುರಿಗೆ ನಿಂತು ಹೇಳಿದ್ದು!

"ಟಿವಿ ಓಡ್ತಾ ಇದೆಯಲ್ಲ? ಪ್ಯಾನೆಲ್ ಹೋದ್ರೆ ತಾನೇ ವಾರಂಟಿ?" ಪ್ಯಾನೆಲ್ ಅಂದ್ರೆ ಪರದೆ.

ರಿಮೋಟಲ್ಲಿ ನೆಟ್‌ಫ್ಲಿಕ್ಸ್ ಬಟನ್ ಇದೆ, ಒತ್ತಿದ್ರೆ ಏನೂ ಬರಲ್ಲ ಅಂದೆ. "ಹಳ್ಳಿ ಕಡೆಯವರು ಯಾರೂ ಅದನ್ನ ನೋಡಲ್ಲ ಮೇಡಂ." ಕೊನೆಗೆ ಬಂತು ನೋಡಿ ಮಾತು, ನಾಲ್ಕು ಜನ ಗಿರಾಕಿಗಳ ಮುಂದೆ: "ನೀವು ಕೊಟ್ಟ ದುಡ್ಡಿಗೆ ಇನ್ನೇನು ಬರುತ್ತೆ?" ಹದಿನೈದೂವರೆ ಸಾವಿರ ಅವನಿಗೆ ದುಡ್ಡೇ ಅಲ್ಲ. ಎಷ್ಟು ಬ್ಲೌಸ್ ಹೊಲಿದ್ರೆ ಅಷ್ಟಾಗುತ್ತೆ ಅಂತ ಅವನಿಗೇನು ಗೊತ್ತು. ಮುಖ ಎತ್ತೋಕಾಗಲಿಲ್ಲ ನನಗೆ.

ಹೋಗೋದಿದ್ರೆ ಇಷ್ಟು ಮಾಡಿ. 4ಕೆ, ಸ್ಮಾರ್ಟು, ಬೆಜೆಲ್‌ಲೆಸ್ (ಚೌಕಟ್ಟು ಕಾಣದ ಪರದೆ) ಯಾವುದನ್ನೂ ಕೇಳಬೇಡಿ. ಪ್ಯಾನೆಲ್ ರೆಸಲ್ಯೂಶನ್ ಎಷ್ಟು ಅಂತ ಕೇಳಿ, ಡಬ್ಬದ ಮೇಲೆ ತೋರಿಸಿ ಅನ್ನಿ, ಸ್ಟಿಕ್ಕರ್ ಇದ್ರೆ ಕೀಳಿ. 1366 × 768 ಕೆಟ್ಟದ್ದೇನಲ್ಲ, ಸಣ್ಣ ಕೋಣೆಗೆ 32 ಇಂಚಲ್ಲಿ ನಡೆಯುತ್ತೆ, 32ರ ಬೆಲೆ ಕೊಟ್ರೆ. 40, 43 ತಗೊಂಡ್ರೆ 1920 × 1080, ಅಂದ್ರೆ ಫುಲ್ ಎಚ್‌ಡಿ, ಇರಲೇಬೇಕು. ದುಡ್ಡು ಸಾಲದಿದ್ರೆ ದೊಡ್ಡ ಮೋಸಕ್ಕಿಂತ ಒಳ್ಳೆ ಕಂಪನಿಯ ಚಿಕ್ಕ ಟಿವಿ ತಗೊಳ್ಳಿ. 80 ಸೆಂ.ಮೀ. ಅಂದ್ರೆ 32 ಇಂಚು, 108 ಅಂದ್ರೆ 43. ಟೇಪ್ ಒಯ್ದು ಗಾಜು ಮಾತ್ರ ಅಳೆಯಿರಿ. ಅವನ ಪೆನ್‌ಡ್ರೈವ್ ಬೇಡ, ಸಣ್ಣ ಅಕ್ಷರ ಓಡೋ ಸುದ್ದಿ ಚಾನೆಲ್ ಹಾಕಿಸಿ. ಬಿಐಎಸ್ ಗುರುತು (ಸರ್ಕಾರದ ಗುಣಮಟ್ಟ ಸಂಸ್ಥೆಯದು), ಅದರ ಜೊತೆ ಆರ್ ಅಕ್ಷರದಿಂದ ಶುರುವಾಗೋ ನಂಬರ್ ಇಲ್ಲದಿದ್ರೆ ಎದ್ದು ಬನ್ನಿ. ಜಿಎಸ್‌ಟಿ ಬಿಲ್ ಕೊಡಲ್ಲ ಅಂದ್ರೂ ಎದ್ದು ಬನ್ನಿ.

1915ಕ್ಕೆ ಫೋನ್ ಮಾಡಿದ್ದೀನಿ, ಗ್ರಾಹಕರ ಸಹಾಯವಾಣಿ. ಮೊದಲು ಕೇಳಿದ್ದೇ ಬಿಲ್. ಇಲ್ಲಿ ಆಗದಿದ್ರೆ ಜಿಲ್ಲಾ ಗ್ರಾಹಕರ ಆಯೋಗ. ವಸ್ತುವಿಗೆ ಕೊಟ್ಟ ದುಡ್ಡು ಐದು ಲಕ್ಷದವರೆಗೆ ಇದ್ರೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ದೂರು ಕೊಡಬಹುದು. "ಆರು ಸಾವಿರ ಹಾಕಿ, ಒರಿಜಿನಲ್ 4ಕೆ ಕೊಡ್ತೀನಿ" ಅಂತ ಅವನೇ ಫೋನ್ ಮಾಡಿದ್ದ. ಹಾಗಾದ್ರೆ ಇದು ಏನು ಅಂದೆ, ಇಟ್ಟುಬಿಟ್ಟ. ನನ್ನ ಹತ್ರ ಡಬ್ಬ ಇದೆ, ಕಿತ್ತ ಸ್ಟಿಕ್ಕರ್ ಇದೆ, ಎಸ್ಟಿಮೇಟ್ ಚೀಟಿ ಇದೆ. ಅಂಗಡಿ ಹೆಸರು ಇರೋದು ಮಾತ್ರ ಒಂದೇ ಕಡೆ, ಮೊಬೈಲಲ್ಲಿ ಸ್ಕ್ಯಾನ್ ಮಾಡಿ ಕೊಟ್ಟ ಐದು ಸಾವಿರದ ದಾಖಲೇಲಿ. ಅದನ್ನೂ ಕ್ಯಾಶೇ ಕೊಡ್ರಿ ಅಕ್ಕಾ ಅಂದಿದ್ದ.