ಜೋಸೆಕಿ ಕಲಿಯಲು ಪುಸ್ತಕವೋ, ಆನ್‌ಲೈನ್ ನಿಘಂಟೋ, ಕಾಟಾಗೋವೋ?

ಕಪ್ಪು-ಬಿಳಿ ಕಾಯಿಗಳ ಹಲಗೆಯಾಟವಾದ ಗೋದಲ್ಲಿ ಮೂಲೆಯಲ್ಲಿ ಆಡುವ ಸಿದ್ಧ ನಡೆಗಳ ಸರಣಿಯನ್ನು, ಅಂದರೆ ಜೋಸೆಕಿಯನ್ನು, ಯಾವುದರಿಂದ ಕಲಿಯೋದು ಅಂತ ಕೇಳಿದ್ದೀರಿ.

ದುಡ್ಡಿನ ಮಾತು ಬೇಗ ಮುಗಿಯುತ್ತದೆ. ಆನ್‌ಲೈನ್‌ನಲ್ಲಿ ಗೋ ಆಡುವ ತಾಣ ಓಜಿಎಸ್‌ನ ಜೋಸೆಕಿ ನಿಘಂಟು, ಜೋಸೆಕಿ ಎಕ್ಸ್‌ಪ್ಲೋರರ್, ಉಚಿತ. ಗೋ ಆಡುವ, ಆಟ ವಿಶ್ಲೇಷಿಸುವ ಎಐ ತಂತ್ರಾಂಶ ಕಾಟಾಗೋ ಕೂಡ ಉಚಿತ, ಆದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ತೆವಳುತ್ತದೆ. ಪುಸ್ತಕಕ್ಕೆ ಅವೆನ್ಯೂ ರಸ್ತೆಯೆಲ್ಲಾ ಅಲೆದೆ, ಸಿಕ್ಕಿದ್ದು ಬರೀ ಚೆಸ್!

ಎಷ್ಟು ದಿನ ಬಾಳುತ್ತದೆ ಅನ್ನೋದೇ ಅಸಲಿ ಪ್ರಶ್ನೆ. ಜಪಾನಿನ ವೃತ್ತಿಪರ ಆಟಗಾರ ಇಶಿದಾ ಯೋಶಿಯೋ ಅವರ 3 ಸಂಪುಟಗಳ ಜೋಸೆಕಿ ನಿಘಂಟು 1970ರ ದಶಕದ್ದು. ಎದುರಾಳಿಯ 4-4 ಕಾಯಿಯ (ಮೂಲೆಯ ಎರಡೂ ಅಂಚಿನಿಂದ 4ನೇ ಗೆರೆಗಳು ಸೇರುವಲ್ಲಿ ಇಟ್ಟದ್ದು) ಕೆಳಗೆ ಆರಂಭದಲ್ಲೇ 3-3ಕ್ಕೆ (3ನೇ ಗೆರೆಗಳು ಸೇರುವಲ್ಲಿಗೆ) ನುಗ್ಗುವುದು ಆಗ ಆತುರದ ನಡೆ. 2016ರಲ್ಲಿ ಗೂಗಲ್ ಡೀಪ್‌ಮೈಂಡ್‌ನ ಗೋ ಆಡುವ ಎಐ ಆಲ್ಫಾಗೋ ಬಂದ ಮೇಲೆ ವೃತ್ತಿಪರರೂ ಅದನ್ನೇ ಆಡತೊಡಗಿದರು. ಆದರೂ ನಡೆಯ ಹಿಂದಿನ 'ಯಾಕೆ' ಪುಸ್ತಕದಲ್ಲೇ ಚೆನ್ನಾಗಿ ಸಿಗುತ್ತದೆ. ಕಾಟಾಗೋ ಎಷ್ಟು ಪಾಯಿಂಟ್ ಹೋಯಿತು ಅಂತಷ್ಟೇ ಹೇಳಿ ಸುಮ್ಮನಾಗುತ್ತದೆ.

ಹೊಸಬರಾದರೆ, ಮೆಟ್ರೋದಲ್ಲಿ ಕೂತೇ ನೋಡಬೇಕೆಂದರೆ, ಎಕ್ಸ್‌ಪ್ಲೋರರ್ ಸಾಕು. ಒಳ್ಳೆಯ ನಡೆ, ತಪ್ಪು ನಡೆ, ಮೋಸದ ನಡೆ ಅಂತ ಗುರುತು ಹಾಕಿರುತ್ತದೆ. ಆಡಿ ಸೋತ ಆಟವನ್ನು ಕೆದಕಬೇಕಾದರೆ ಕಾಟಾಗೋ. ಕರೆಂಟ್ ಹೋದ ಸಂಜೆ, ಹಲಗೆ ಮೇಲೆ ಕಾಯಿ ಇಟ್ಟು ಕಲಿಯುವವರಿಗೆ ಪುಸ್ತಕವೇ ಸರಿ, ಅಲ್ವಾ?