ತುಕ್ಕು ಹಿಡಿದ ವಿಂಡ್‌ಶೀಲ್ಡ್ ಫ್ರೇಮ್ ರಿಪೇರಿಗೆ ಕೊಡುವವರೇ, ಗಾಜು ಕೂರಿಸುವ ಮೊದಲು ಹೋಗಿ ನೋಡಿ

ಹಳೇ ಕಾರಿನ ಮುಂದಿನ ಗಾಜಿನ ಫ್ರೇಮ್‌ಗೆ ತುಕ್ಕು ಹಿಡಿದಿದೆ, ಯಾರಿಗಾದರೂ ಕೊಟ್ಟು ಸರಿ ಮಾಡಿಸಬೇಕು ಅಂದುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನಗೆ ಆದದ್ದು ಇನ್ನೊಬ್ಬರಿಗೆ ಆಗುವುದು ಬೇಡ. ಗ್ಯಾರೇಜಿನ ಹೆಸರು ಹಾಕುತ್ತಿಲ್ಲ. ಹೆಸರು ಗೊತ್ತಾಗುವುದಕ್ಕಿಂತ ಅವರು ಹೇಗೆ ಯಾಮಾರಿಸಿದರು ಅಂತ ಗೊತ್ತಾಗುವುದು ಮುಖ್ಯ. ಬೋರ್ಡು ಬೇರೆ ಇರಬಹುದು, ಇದೇ ಕೆಲಸ ಬೇರೆ ಕಡೆಯೂ ನಡೆಯುತ್ತದೆ.

ಕಾರು 1966ರ ಫೋಕ್ಸ್‌ವ್ಯಾಗನ್ ಬೀಟಲ್. ಅಪ್ಪನದು. ಬೀಟಲ್ ಇಟ್ಟುಕೊಂಡವರಿಗೆ ಇದು ಗೊತ್ತಿರುತ್ತದೆ: ಈಗಿನ ಕಾರುಗಳ ಹಾಗೆ ಇದರ ಮುಂದಿನ ಗಾಜನ್ನು ಅಂಟು ಹಾಕಿ ಕೂರಿಸಿರುವುದಿಲ್ಲ, ಗಾಜಿನ ಸುತ್ತ ಕೂರುವ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್, ಹಿಡಿದುಕೊಂಡಿರುತ್ತದೆ. ಬೀಡಿಂಗ್ ಒಣಗಿ ಸೀಳಿದರೆ ನೀರು ಅದರ ಅಡಿಗೆ ಇಳಿಯುತ್ತದೆ. ಇಳಿದ ನೀರು ಫ್ರೇಮಿನ ಕೆಳಗಿನ ಮೂಲೆಗಳಲ್ಲಿ ನಿಲ್ಲುತ್ತದೆ. ಅಲ್ಲಿ ತಗಡಿನ ಮೇಲೆ ತಗಡು ಇಟ್ಟು ಸ್ಪಾಟ್ ವೆಲ್ಡ್ ಮಾಡಿರುತ್ತಾರೆ, ಅಂದರೆ ಚುಕ್ಕಿ ಚುಕ್ಕಿಯಾಗಿ ಬೆಸೆದಿರುತ್ತಾರೆ. ಆ ಸಂದಿಯೊಳಗೇ ತುಕ್ಕು ಶುರುವಾಗುವುದು. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು, ಹಾಗಾಗಿ ತಗಡು ಉಬ್ಬುತ್ತದೆ, ಪೇಂಟ್ ಮೇಲೆ ಗುಳ್ಳೆ ಏಳುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ತಗಡು ಸುಮಾರು ಹೋಗಿಯೇ ಇರುತ್ತದೆ. ನಮ್ಮ ಗಾಡಿಯಲ್ಲಿ ಎರಡೂ ಮೂಲೆಯಲ್ಲಿ ಗುಳ್ಳೆ ಇತ್ತು.

ಇದನ್ನೆಲ್ಲ ತಿಳಿದುಕೊಂಡೇ ನಾನು ಗ್ಯಾರೇಜಿಗೆ ಹೋದದ್ದು. ಹಳೇ ಗಾಡಿಗಳನ್ನೇ ಮಾಡುವವರು ಅಂತ ಹೆಸರಿದೆ. ಹೊರಗೆ ಮಿರಮಿರ ಮಿಂಚುವ ಕಾರುಗಳು ಸಾಲಾಗಿ ನಿಂತಿದ್ದವು. ಮಾಲೀಕರು ಗಾಡಿ ನೋಡಿ, ಬೆರಳಿನಿಂದ ಮೂಲೆ ಒತ್ತಿ, ತಾವೇ ಹೇಳಿದರು: "ಮೇಡಂ, ಇಲ್ಲಿ ತಗಡೇ ಹೋಗಿದೆ. ಮೇಲೆ ಕೆಮಿಕಲ್ ಹಚ್ಚಿದ್ರೆ ಏನೂ ಪ್ರಯೋಜನ ಇಲ್ಲ. ಕತ್ತರಿಸಿ ಹೊಸ ತಗಡು ಹಾಕ್ಲೇಬೇಕು." ಸರಿಯಾದ ಮಾತು! ತುಕ್ಕಿಗೆ ಹಚ್ಚುವ ಆ್ಯಸಿಡ್ ಮೇಲ್ಪದರದ ತುಕ್ಕಿಗೆ ಮಾತ್ರ, ತೂತಾದ ತಗಡಿಗಲ್ಲ. ಅದನ್ನು ಅವರ ಬಾಯಲ್ಲೇ ಕೇಳಿದ ಮೇಲೆ ನಂಬದೆ ಇರುವುದು ಹೇಗೆ? ಕೆಳಗಿನ ಅಂಚು ಪೂರ್ತಿ ಕತ್ತರಿಸಿ, ಅದೇ ದಪ್ಪದ ತಗಡು ವೆಲ್ಡ್ ಮಾಡಿ, ತುಕ್ಕು ತಡೆಯಲು ಪೇಂಟಿನ ಅಡಿಗೆ ಎಪಾಕ್ಸಿ ಪ್ರೈಮರ್ ಹೊಡೆದು, ನೀರು ಇಳಿಯದ ಹಾಗೆ ಜಾಯಿಂಟಿಗೆ ಸೀಲರ್ ಹಾಕಿ, ಪೇಂಟ್ ಮಾಡಿ, ಹೊಸ ಬೀಡಿಂಗ್‌ನಲ್ಲಿ ಗಾಜು ಕೂರಿಸಿ ಕೊಡುವುದು. ಇದು ಮಾತು. ಅಡ್ವಾನ್ಸ್ ಕೊಟ್ಟೆ. ಬೀಡಿಂಗ್ ನಾನೇ ತರಿಸಿದೆ. 1965ರ ಮಾಡೆಲ್‌ನಿಂದ ಬೀಟಲ್‌ನ ಗಾಜು ದೊಡ್ಡದಾಯಿತು, ಅದಕ್ಕೂ ಹಿಂದಿನ ಗಾಡಿಯ ಬೀಡಿಂಗ್ ಇದಕ್ಕೆ ಕೂರುವುದಿಲ್ಲ. ಅದನ್ನು ನೋಡಿಕೊಂಡೇ ಸರಿಯಾದದ್ದು ತರಿಸಿದ್ದೆ. ಈ ಮಾತು ಯಾಕೆ ಹೇಳುತ್ತಿದ್ದೇನೆ ಅಂತ ಮುಂದೆ ಗೊತ್ತಾಗುತ್ತದೆ.

ಆಮೇಲೆ ಶುರುವಾಯಿತು ನೋಡಿ. ಬಂದು ನೋಡುತ್ತೇನೆ ಅಂದರೆ, "ಯಾಕೆ ಮೇಡಂ ಸುಮ್ನೆ ತೊಂದ್ರೆ ತಗೋತೀರಾ, ಫೋಟೋ ಕಳಿಸ್ತೀನಲ್ಲ." ಕಳಿಸಿದರು. ಹಳೇ ಅಂಚು ಕತ್ತರಿಸಿದ ಫೋಟೋ. ಹೊಸ ತಗಡು ಕೂರಿಸಿ ಅಲ್ಲಲ್ಲಿ ಚುಕ್ಕಿ ವೆಲ್ಡ್ ಇಟ್ಟ ಫೋಟೋ. ಗ್ರೈಂಡ್ ಮಾಡಿ ಬೆಳ್ಳಗೆ ಹೊಳೆಯುತ್ತಿರುವ ಫೋಟೋ. ಕೆಳಗೆ ಬರೆದದ್ದು: "ನಿಮ್ಮ ಗಾಡಿ ಮೇಡಂ, ವೆಲ್ಡಿಂಗ್ ಮುಗೀತು." ಅಪ್ಪನಿಗೆ ತೋರಿಸಿದೆ. ಸ್ನೇಹಿತರಿಗೆಲ್ಲ ಕಳಿಸಿದೆ. ಎಷ್ಟು ಚೆನ್ನಾಗಿ ಮಾಡ್ತಿದ್ದಾರೆ ಅಂತ ಹೊಗಳಿ ಹೊಗಳಿ ಕಳಿಸಿದೆ. ಪ್ರೈಮರ್ ಹೊಡೆಯುವ ಮೊದಲು ಬರುತ್ತೇನೆ ಅಂತ ಸ್ಪಷ್ಟವಾಗಿ ಹೇಳಿದ್ದೆ. ಹೊರಡುವಾಗ ಫೋನ್ ಮಾಡಿದರೆ, "ಅಯ್ಯೋ, ಪ್ರೈಮರ್ ಆಗ್ಹೋಯ್ತು ಮೇಡಂ. ಬರಿ ತಗಡು ಹಾಗೇ ಬಿಟ್ರೆ ಮತ್ತೆ ತುಕ್ಕು ಹಿಡಿಯತ್ತೆ ಅಲ್ವಾ?" ಅದೂ ನಿಜವೇ! ಬರಿ ತಗಡನ್ನು ಬಿಡಬಾರದು. ಅವರ ಒಂದೊಂದು ಮಾತೂ ಹೀಗೇ, ಕೇಳಲು ಸರಿಯಾಗಿಯೇ ಇರುತ್ತಿತ್ತು. ಮತ್ತೆ ಫೋನ್ ಮಾಡುವಷ್ಟರಲ್ಲಿ ಪೇಂಟೂ ಆಗಿತ್ತು, ಗಾಜೂ ಕೂತಿತ್ತು.

ಗಾಡಿ ಮನೆಗೆ ಬಂದಾಗ ಹೊಸದರಂತೆ ಕಾಣುತ್ತಿತ್ತು. ಒಂದು ಗುಳ್ಳೆ ಇಲ್ಲ. ಬಾಕಿ ಹಣ ಅಲ್ಲೇ ಕೊಟ್ಟೆ.

ಮಳೆ ಬಂತು. ಅಪ್ಪ ಪಕ್ಕದ ಸೀಟಿನಲ್ಲಿ ಕೂತಿದ್ದರು. ಡ್ಯಾಶ್‌ಬೋರ್ಡಿನ ಅಂಚಿನಿಂದ ನೀರು ಅವರ ಮೊಣಕಾಲಿನ ಮೇಲೆ ತೊಟ್ಟಿಕ್ಕಲು ಶುರುವಾಯಿತು. ಅವರು ಏನೂ ಅನ್ನಲಿಲ್ಲ, ಕರ್ಚೀಫ್ ತೆಗೆದು ಮೊಣಕಾಲಿನ ಮೇಲೆ ಹಾಸಿಕೊಂಡರು. ನಾನು ಊರಿಗೆಲ್ಲ ಹೊಗಳಿಕೊಂಡು ಬಂದಿದ್ದ ಕೆಲಸ ಅದು. ಆ ಹೊತ್ತಿನಲ್ಲಿ ಆದ ನಾಚಿಕೆ ಇನ್ನೂ ಹೋಗಿಲ್ಲ.

ಫೋನ್ ಮಾಡಿದೆ. ಮೊದಲ ಉತ್ತರ: "ಹಳೇ ಗಾಡಿ ಮೇಡಂ, ಒಂದೆರಡು ಹನಿ ಬಂದೇ ಬರತ್ತೆ." ಫ್ರೇಮ್ ಹೊಸದು ಮಾಡಿಸಿದ್ದೇ ನೀರು ಬರಬಾರದು ಅಂತ ಅಲ್ವಾ ಅಂದೆ. "ಹಾಗಾದ್ರೆ ಬೀಡಿಂಗ್ ಸರಿಯಿಲ್ಲ. ಅದು ನೀವು ತಂದಿದ್ದು." ಬೀಡಿಂಗ್ ಇದೇ ಮಾಡೆಲಿನದು, ಪ್ಯಾಕೆಟ್ ಇನ್ನೂ ನನ್ನ ಹತ್ತಿರ ಇದೆ, ಕೂರಿಸುವಾಗ ನೀವೇ ಚೆನ್ನಾಗಿದೆ ಅಂದಿರಿ ಅಂತ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ: "ಮೇಡಂ, ಇದು ಟೆಕ್ನಿಕಲ್ ವಿಷಯ. ಮನೇಲಿ ಗಂಡಸರು ಯಾರಾದ್ರೂ ಇದ್ರೆ ಫೋನ್ ಕೊಡಿ."

ಮಾಡೆಲ್ ನೋಡಿ ಬೀಡಿಂಗ್ ತರಿಸಿದವಳು ನಾನು. ಹಣ ಎಣಿಸಿ ಕೊಟ್ಟವಳು ನಾನು. ಹಣ ತಗೊಳ್ಳುವಾಗ ಮನೇಲಿ ಗಂಡಸರು ಇದ್ದಾರಾ ಅಂತ ಕೇಳಲಿಲ್ಲವಲ್ಲ?

ಅಷ್ಟರಲ್ಲಿ ಎಡಗಡೆ ಮೂಲೆಯಲ್ಲಿ ಪೇಂಟ್ ಉಬ್ಬಿತು. ಮನೆಯಲ್ಲಿದ್ದ ಚಿಕ್ಕ ಅಯಸ್ಕಾಂತಕ್ಕೆ ತೆಳ್ಳನೆ ಬಟ್ಟೆ ಸುತ್ತಿ ಫ್ರೇಮಿನ ಮೇಲೆ ಇಟ್ಟು ನೋಡಿದೆ. ಮೇಲಿನ ಅಂಚಿನಲ್ಲಿ ಟಪ್ ಅಂತ ಕಚ್ಚಿಕೊಂಡಿತು. ಗಾಜಿನ ಪಕ್ಕದಲ್ಲಿ ಛಾವಣಿ ಹೊತ್ತ ಕಂಬದ ಮೇಲ್ಭಾಗದಲ್ಲೂ ಕಚ್ಚಿತು. ಕೆಳಗೆ ಜಾರಿಸುತ್ತಾ ಬಂದೆ. ಮೂಲೆ ಹತ್ತಿರ ಬಂದಾಗ ಹಿಡಿತ ಸಡಿಲವಾಯಿತು. ಇನ್ನೊಂದು ಚೂರು ಕೆಳಗೆ ತಂದೆ, ಬಿದ್ದೇ ಹೋಯಿತು. ಇನ್ನೊಂದು ಮೂಲೆಯಲ್ಲಿ ನೋಡಿದೆ. ಅಲ್ಲೂ ಬಿತ್ತು. ತಗಡು ಇರಬೇಕಾದ ಜಾಗದಲ್ಲಿ ತಗಡೇ ಇಲ್ಲ ಅಂತ ಅಲ್ಲಿಗೆ ಖಾತ್ರಿಯಾಯಿತು. ವಿಡಿಯೋ ಮಾಡಿ ಕಳಿಸಿದೆ. ಉತ್ತರ ಏನು ಗೊತ್ತಾ? "ಪೇಂಟ್ ದಪ್ಪ ಹೊಡ್ದಿದೀವಿ ಮೇಡಂ, ಅದಕ್ಕೇ ಮ್ಯಾಗ್ನೆಟ್ ಹಿಡೀತಿಲ್ಲ." ಎಷ್ಟು ಕೋಟ್ ಹೊಡೆದರೆ ಪೇಂಟಿನ ಮೇಲೆ ಅಯಸ್ಕಾಂತ ನಿಲ್ಲದೆ ಬೀಳುತ್ತದೆ, ನೀವೇ ಹೇಳಿ.

ಬೇರೆ ಒಬ್ಬ ವೆಲ್ಡರ್ ಹತ್ತಿರ ಹೋಗಿ ಗಾಜು ಬಿಚ್ಚಿಸಿದೆ. ಬೀಡಿಂಗ್ ಎತ್ತುತ್ತಿದ್ದ ಹಾಗೇ ಗಮ್ ಅಂತ ವಿನೆಗರ್ ವಾಸನೆ ಬಂತು. ಬೀಡಿಂಗ್ ಅಡಿಯಲ್ಲಿ ಸುತ್ತಲೂ ಸಿಲಿಕೋನ್ ತುಂಬಿದ್ದರು. ಮನೆಯ ಬಾತ್‌ರೂಮಿಗೆ ಹಾಕುವ ಸಿಲಿಕೋನ್! ಆ ಜಾತಿಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆ್ಯಸಿಡ್ ಬಿಡುತ್ತದೆ, ವಿನೆಗರ್‌ನಲ್ಲಿ ಇರುವುದೇ ಅದು. ಬರಿ ಕಬ್ಬಿಣಕ್ಕೆ ತಾಗಿದರೆ ತುಕ್ಕು ಹಿಡಿಸುತ್ತದೆ. ತುಕ್ಕು ತೆಗೆಯಲು ಕೊಟ್ಟ ಗಾಡಿಗೆ ತುಕ್ಕು ಹಿಡಿಸುವ ವಸ್ತು ತುಂಬಿ ಕಳಿಸಿದ್ದಾರೆ. ಸುತ್ತಲೂ ಮುಚ್ಚಿದ್ದರಿಂದ ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿಯೂ ಇರಲಿಲ್ಲ.

ಆಮೇಲೆ ಮೂಲೆಯನ್ನು ಸ್ಕ್ರೂಡ್ರೈವರ್ ತುದಿಯಿಂದ ಕೆದಕಿದರು. ತುಂಡು ತುಂಡಾಗಿ ಪುಟ್ಟಿ ಬಂತು. ಒಂದು ತುಂಡು ಇನ್ನೂ ಇಟ್ಟುಕೊಂಡಿದ್ದೇನೆ. ಮೇಲೆ ಪೇಂಟ್, ಅದರ ಕೆಳಗೆ ಬೂದು ಬಣ್ಣದ ಪ್ರೈಮರ್, ಅದರ ಕೆಳಗೆ ನನ್ನ ಹೆಬ್ಬೆರಳಿನಷ್ಟು ದಪ್ಪ ಪುಟ್ಟಿ, ಪುಟ್ಟಿಯೊಳಗೆ ಹುದುಗಿದ ಕಿಟಕಿ ಜಾಲರಿ. ಹೌದು, ಸೊಳ್ಳೆ ಬಾರದ ಹಾಗೆ ಕಿಟಕಿಗೆ ಬಡಿಯುತ್ತೀವಲ್ಲ, ಅದೇ ಜಾಲರಿ. ಅಡಿಭಾಗದಲ್ಲಿ ನಮ್ಮ ಹಳೇ ತುಕ್ಕು, ಚಕ್ಕೆ ಚಕ್ಕೆಯಾಗಿ, ಮುಟ್ಟಿದರೆ ಉದುರುವ ಹಾಗೆ. ಪುಟ್ಟಿ ಇರುವುದು ತಗಡಿನ ಸಣ್ಣ ತಗ್ಗು ತುಂಬಲಿಕ್ಕೆ, ಹೆಚ್ಚೆಂದರೆ 2-3 ಮಿಲಿಮೀಟರ್. ತೂತು ಮುಚ್ಚಲಿಕ್ಕಲ್ಲ. ಹಿಂದಿನಿಂದ ತೇವ ತಾಗಿದರೆ ಅದು ಹೀರಿಕೊಳ್ಳುತ್ತದೆ, ಆಮೇಲೆ ತಗಡಿನಿಂದ ಬಿಟ್ಟುಕೊಳ್ಳುತ್ತದೆ. ಪೇಂಟ್ ಉಬ್ಬಿದ್ದು ಅದಕ್ಕೇ.

ಒಂದೇ ಒಂದು ಚುಕ್ಕಿ ಹೊಸ ವೆಲ್ಡ್ ಇರಲಿಲ್ಲ. ಇಡೀ ಫ್ರೇಮಿನಲ್ಲಿ. ಒಂದೂ ಇರಲಿಲ್ಲ.

ಹಾಗಾದರೆ ಆ ಫೋಟೋಗಳು? ಮನೆಗೆ ಬಂದು ಫೋನಿನಲ್ಲಿ ದೊಡ್ಡದು ಮಾಡಿ ನೋಡಿದೆ. ಎಲ್ಲವನ್ನೂ ತೀರಾ ಹತ್ತಿರದಿಂದ ತೆಗೆದಿದ್ದರು, ಬರೀ ಮೂಲೆ ಕಾಣುವ ಹಾಗೆ. ಗ್ರೈಂಡ್ ಮಾಡಿದ ಫೋಟೋದ ಕೆಳ ಅಂಚಿನಲ್ಲಿ ಮಾತ್ರ ಏನೋ ಕಪ್ಪು ಗೆರೆಗಳಿದ್ದವು. ಗಾಜಿಗೂ ಬಾನೆಟ್ಟಿಗೂ ನಡುವಿನ ತಗಡಿನಲ್ಲಿ, ಗಾಳಿ ಒಳಗೆ ಹೋಗಲು ಕೊಯ್ದ ಸೀಳುಗಳ ತುದಿ. ಆ ಸೀಳುಗಳು ಬೀಟಲ್‌ಗೆ ಬಂದದ್ದೇ 1968ರ ಮಾಡೆಲ್‌ನಲ್ಲಿ. ನಮ್ಮದು 1966. ನಮ್ಮ ಗಾಡಿಯಲ್ಲಿ ಆ ಜಾಗ ನುಣ್ಣಗಿದೆ.

ಬೇರೆಯವರ ಗಾಡಿಯ ಫೋಟೋ. "ನಿಮ್ಮ ಗಾಡಿ ಮೇಡಂ" ಅಂತ ಬರೆದು ಬೇರೆ ಯಾರದ್ದೋ ಗಾಡಿಯ ಫೋಟೋ ಕಳಿಸಿದ್ದರು. ಅದನ್ನೇ ನಾನು ಅಪ್ಪನಿಗೆ ತೋರಿಸಿದ್ದು, ಅದನ್ನೇ ಎಲ್ಲರಿಗೂ ಕಳಿಸಿದ್ದು. ಪುಟ್ಟಿ ನೋಡಿದಾಗ ಸಿಟ್ಟು ಬಂದಿತ್ತು. ಈ ಗೆರೆ ಕಂಡಾಗ ಮೈಯೆಲ್ಲ ಉರಿದು ಹೋಯಿತು. ಪುಟ್ಟಿ ಮೆತ್ತಿದ್ದು ಕೆಲಸಗಾರರ ಸೋಮಾರಿತನ ಅನ್ನಬಹುದು. ಫೋಟೋ ಕಳಿಸಿದ್ದು ಬೇಕಂತಲೇ ಮಾಡಿದ ಮೋಸ.

ಇದನ್ನು ಕೇಳಿದಾಗ ಬಂದ ಉತ್ತರ ಇದು: "ಅದು ಸ್ಯಾಂಪಲ್ ಫೋಟೋ ಮೇಡಂ. ಈ ಥರ ಮಾಡ್ತೀವಿ ಅಂತ ತೋರ್ಸೋಕೆ ಕಳಿಸಿದ್ದು." "ವೆಲ್ಡಿಂಗ್ ಮುಗೀತು" ಅಂತ ಬರೆದಿದ್ದೀರಲ್ಲ? "ಹುಡುಗರು ಬರ್ದಿರ್ತಾರೆ." ಹುಡುಗರೇ ಬರೆದರು ಅಂತ ಇಟ್ಟುಕೊಳ್ಳಿ, ನನ್ನ ಗಾಡಿಯ ವೆಲ್ಡಿಂಗ್ ಎಲ್ಲಿ? "ಬಿಲ್ ನೋಡಿ ಮೇಡಂ. ಫ್ರೇಮ್ ರಿಪೇರಿ ಅಂತಿದೆ. ತಗಡು ಬದಲಿ ಅಂತ ಎಲ್ಲಿದೆ?" ಬಿಲ್ ತೆಗೆದು ನೋಡಿದೆ. ನಿಜ, "ವಿಂಡ್‌ಶೀಲ್ಡ್ ಫ್ರೇಮ್ ರಿಪೇರಿ ಮತ್ತು ಪೇಂಟಿಂಗ್" ಅಂತ ಒಂದೇ ಸಾಲು. ಬಾಯಲ್ಲಿ ಹೇಳಿದ ಕತ್ತರಿಸುವುದು, ವೆಲ್ಡ್, ಎಪಾಕ್ಸಿ, ಸೀಲರ್, ಒಂದೂ ಅದರಲ್ಲಿ ಇಲ್ಲ. ಕೊನೆಯ ಮಾತು: "ಗಾಜು ನೀವು ಬೇರೆ ಕಡೆ ಬಿಚ್ಚಿಸಿದೀರಿ. ಈಗ ನಮ್ಮ ಗ್ಯಾರಂಟಿ ಇಲ್ಲ." ಬಿಚ್ಚದೆ ಇದ್ದರೆ ಗೊತ್ತಾಗುವುದೇ ಇಲ್ಲ, ಬಿಚ್ಚಿದರೆ ಗ್ಯಾರಂಟಿ ಇಲ್ಲ! ಈಗ ನನ್ನ ನಂಬರ್ ಬ್ಲಾಕ್ ಮಾಡಿದ್ದಾರೆ.

ಇದು ಬರೀ ನೀರು ಸೋರುವ ವಿಷಯ ಅಲ್ಲ. ಈಗಿನ ಕಾರುಗಳಲ್ಲಿ ಅಂಟಿಸಿದ ಗಾಜೂ ಬಾಡಿಗೆ ಸ್ವಲ್ಪ ಬಲ ಕೊಡುತ್ತದೆ. ರಬ್ಬರಿನಲ್ಲಿ ಕೂತ ಗಾಜು ಕೊಡುವುದಿಲ್ಲ. ಮುಂದಿನ ಕಡೆ ಛಾವಣಿಯನ್ನು ಹೊತ್ತಿರುವುದು ಗಾಜಿನ ಅಕ್ಕಪಕ್ಕದ ಎರಡು ಕಂಬಗಳೇ. ಆ ಕಂಬಗಳ ಬುಡದಲ್ಲಿ ಪುಟ್ಟಿ, ಜಾಲರಿ ಇಟ್ಟು ಕಳಿಸಿದ್ದಾರೆ. ಅದರಲ್ಲಿ ಅಪ್ಪನನ್ನು ಕೂರಿಸಿಕೊಂಡು ಓಡಾಡಿದ್ದೇನೆ. ಗಾಡಿ ಪಲ್ಟಿಯಾಗಿದ್ದರೆ? ನೆನೆಸಿಕೊಂಡರೆ ರಾತ್ರಿ ನಿದ್ದೆ ಬರುವುದಿಲ್ಲ. ಹೊಸ ವೆಲ್ಡರ್ ಇನ್ನೊಂದು ಮಾತು ಹೇಳಿದರು. ಪುಟ್ಟಿ ಉಬ್ಬಿದ ಕಡೆ ಗಾಜು ಸಮವಾಗಿ ಕೂತಿರಲಿಲ್ಲವಂತೆ, ದೊಡ್ಡ ಗುಂಡಿಗೆ ಚಕ್ರ ಬಿದ್ದಿದ್ದರೆ ಅಂಚಿನಿಂದ ಬಿರುಕು ಬಿಡುತ್ತಿತ್ತಂತೆ. ಮೊದಲೇ ಸರಿಯಾಗಿ ಮಾಡಿದ್ದರೆ ಕೆಳಗಿನ ಅಂಚು ಬದಲಿಸಿದರೆ ಸಾಕಿತ್ತು. ಈಗ ಒಳಗಿನ ತಗಡಿಗೂ ತುಕ್ಕು ಹೋಗಿದೆ, ಕಂಬದ ಬುಡದವರೆಗೂ ಕತ್ತರಿಸಬೇಕಾಗಿದೆ. ಮೋಸಕ್ಕೆ ಕೊಟ್ಟ ಹಣ ಹೋಯಿತು, ಮೋಸ ಮಾಡಿದ ಹಾನಿಗೆ ಮತ್ತೆ ಹಣ.

ಈ ಹೊಸ ವೆಲ್ಡರ್ ಕೆಲಸ ಮಾಡುವ ರೀತಿ ನೋಡಿದ ಮೇಲೆ ಹಿಂದಿನವರು ಮಾಡಿದ್ದು ಎಂಥ ಕೆಲಸ ಅಂತ ಇನ್ನೂ ಚೆನ್ನಾಗಿ ಅರ್ಥವಾಯಿತು. ಕತ್ತರಿಸುವ ಮೊದಲು ಬಾಗಿಲಿನ ಜಾಗಕ್ಕೆ ಅಡ್ಡ ಸರಳು ವೆಲ್ಡ್ ಮಾಡಿ ಬಾಡಿ ಅಲುಗದ ಹಾಗೆ ನಿಲ್ಲಿಸಿದರು. ತಗಡು ತೆಳ್ಳಗಿರುವುದರಿಂದ ಒಂದೇ ಸಲ ಉದ್ದಕ್ಕೆ ವೆಲ್ಡ್ ಎಳೆಯುವುದಿಲ್ಲ, ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ಆರಲು ಬಿಟ್ಟು ಮತ್ತೊಂದು. ಇಲ್ಲದಿದ್ದರೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ. ಪೇಂಟಿಗೆ ಮೊದಲೇ ಬರೀ ಫ್ರೇಮಿಗೆ ಬೀಡಿಂಗ್ ಹಾಕಿ ಗಾಜು ಕೂರಿಸಿ ನೋಡುತ್ತಾರಂತೆ. ಪ್ರತಿ ಹಂತದಲ್ಲೂ ತಾವೇ ಫೋನ್ ಮಾಡಿ, "ಬನ್ನಿ, ನೋಡ್ಕೊಂಡು ಹೋಗಿ" ಅನ್ನುತ್ತಾರೆ. ಒಳ್ಳೆ ಕೆಲಸಗಾರರು ತೋರಿಸಲು ಹೆದರುವುದಿಲ್ಲ.

ನಿಮಗೆ ಹೇಳುವುದು ಇಷ್ಟೇ. ಹಳೇ ತಗಡು ಕತ್ತರಿಸಿದ ಮೇಲೆ ಒಂದು ಸಲ, ವೆಲ್ಡ್ ಮುಗಿದು ಪ್ರೈಮರ್ ಹೊಡೆಯುವ ಮೊದಲು ಒಂದು ಸಲ, ನಿಮ್ಮ ಕಣ್ಣಿನಿಂದಲೇ ನೋಡಿ. ಆ ಎರಡು ಹೊತ್ತು ತಪ್ಪಿದರೆ ಮುಗಿಯಿತು, ಆಮೇಲೆ ಎಲ್ಲ ಬೀಡಿಂಗ್ ಅಡಿಗೆ ಹೋಗುತ್ತದೆ. ಬರಬೇಡಿ ಅಂದರೆ ಗಾಡಿ ವಾಪಸ್ ತಗೊಂಡು ಬನ್ನಿ, ಅಡ್ವಾನ್ಸ್ ಹೋದರೆ ಹೋಗಲಿ. ಕತ್ತರಿಸಿ ತೆಗೆದ ಹಳೇ ತಗಡನ್ನು ಕೇಳಿ ತಗೊಳ್ಳಿ, ನನ್ನ ಗಾಡಿಯದ್ದು ಕೇಳಿದ್ದರೆ ಕೊಡಲು ಅವರ ಹತ್ತಿರ ಇರುತ್ತಲೇ ಇರಲಿಲ್ಲ. ಫೋಟೋ ಕಳಿಸಿದರೆ ನಂಬರ್ ಪ್ಲೇಟೂ ಕಾಣುವ ಹಾಗೆ ಪೂರ್ತಿ ಗಾಡಿಯದ್ದು ಕಳಿಸಲು ಹೇಳಿ. ಎಷ್ಟು ಉದ್ದ ತಗಡು ಬದಲಿಸುತ್ತಾರೆ, ಯಾವ ದಪ್ಪದ್ದು, ಎಲ್ಲವನ್ನೂ ಎಸ್ಟಿಮೇಟಿನಲ್ಲೇ ಬರೆಸಿ ಸಹಿ ಹಾಕಿಸಿ. ಬಾಯಿ ಮಾತಿನ ಬೆಲೆ ನಾನು ನೋಡಿಯಾಯಿತು. ಬಾಕಿ ಹಣ ಕೊಡುವ ಮೊದಲು ಅಲ್ಲೇ ಪೈಪ್ ಹಿಡಿದು ಗಾಜಿನ ಮೇಲೆ ನೀರು ಬಿಟ್ಟು ನೋಡಿ. ಅಯಸ್ಕಾಂತ ಜೇಬಿನಲ್ಲಿರಲಿ.

ಈಗಾಗಲೇ ಇಂಥ ಕಡೆ ಗಾಡಿ ಬಿಟ್ಟು "ಫೋಟೋ ಬರ್ತಿದೆಯಲ್ಲ" ಅಂತ ಸುಮ್ಮನಿರುವವರು ಇದ್ದರೆ, ಫೋಟೋದ ಅಂಚುಗಳನ್ನು ದೊಡ್ಡದು ಮಾಡಿ ಒಂದು ಸಲ ನೋಡಿ. ಅನುಮಾನ ಬಂದರೆ ಫೋನ್ ಮಾಡದೆ ನೇರವಾಗಿ ಹೋಗಿ. ಫೋನ್ ಮಾಡಿದರೆ ನೀವು ಹೋಗುವಷ್ಟರಲ್ಲಿ ಗಾಜು ಕೂತಿರುತ್ತದೆ.